ನುಂಗಿದ ಎರಡು ಸಾಲು

ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕೋದಂಡರಾಮಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಳದ ಮೇಷ್ಟ್ರ ಮನೆ ಅನ್ನಬೇಕು. ಆಗ ಸೋಡಾ ಅಂಗಡಿಯವನೂ ಎದ್ದು ನಿಂತು ದಾರಿ ತೋರಿಸುತ್ತಿದ್ದ. ಅಪ್ಪ, ತಾತ ಎಲ್ಲರೂ ಶಾನುಭೋಗಿಕೆ ಮಾಡಿದವರು. ಆ ಮನೆಯ ಮಗ ಹಳ್ಳಿ ಹಳ್ಳಿ ಸೈಕಲ್ ತುಳಿದುಕೊಂಡು ಹೋಗಿ ರೈತರಿಗೆ ರೇಷ್ಮೆ ಹುಳ ಸಾಕುವುದನ್ನು ಹೇಳಿಕೊಡುವ ಸರ್ಕಾರಿ ಕೆಲಸಕ್ಕೆ ಸೇರಿದಾಗ ನೆಂಟರೆಲ್ಲ ಮೂಗು ಮುರಿದಿದ್ದರು. ಸಂಬಳ ಬರತೊಡಗಿದ ಮೇಲೆ ಮೂಗು ತಾನಾಗಿಯೇ ನೆಟ್ಟಗಾಯಿತು.

ಊರಿನವರು ಅವರನ್ನು ಹೊಗಳುವಾಗ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು. ಹದಿನಾರನೇ ವಯಸ್ಸಿನಿಂದ ಅಂಟಿಕೊಂಡಿದ್ದ ನಶ್ಯವನ್ನು ಅವರು ಒಂದೇ ದಿನದಲ್ಲಿ ಬಿಟ್ಟರು, ಮತ್ತೆ ಡಬ್ಬಿ ಮುಟ್ಟಲಿಲ್ಲ, ಎಂಥಾ ಮನಸ್ಸು ನೋಡಿ, ಎಂದು. ಹೆಂಡತಿ ಜಾನಕಮ್ಮನಂತೂ ಬಂದವರ ಮುಂದೆಲ್ಲ ಇದನ್ನೇ ಹೇಳುತ್ತಿದ್ದರು. ಆಗ ಕೋದಂಡರಾಮಯ್ಯನವರು ಏನಾದರೂ ನೆಪ ಹೂಡಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಎಷ್ಟು ವಿನಯ ಅಂದುಕೊಳ್ಳುತ್ತಿದ್ದರು ಜನ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಆ ನಶ್ಯ ಬಿಟ್ಟ ಕಥೆಯಲ್ಲಿ ಹೊಗಳುವಂಥದ್ದು ಏನೂ ಇರಲಿಲ್ಲ, ಅದು ಗೊತ್ತಿದ್ದದ್ದು ಅವರೊಬ್ಬರಿಗೆ, ಅಥವಾ ಹಾಗಂತ ಅವರು ತಿಳಿದುಕೊಂಡಿದ್ದರು.

ನಡೆದದ್ದು ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಆವನಿಯ ಆಚೆ ಒಂದು ಹಳ್ಳಿಯಲ್ಲಿ, ಮುನಿಗಂಗಮ್ಮ ಎಂಬ ಗಟ್ಟಿ ಹೆಂಗಸಿನ ಮನೆಯಲ್ಲಿ. ಆಕೆಗೆ ಒಬ್ಬನೇ ಮಗ, ಆವಲಪ್ಪ. ಅವನ ಹೆಂಡತಿ ಶ್ಯಾಮಲಮ್ಮ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊಟ್ಟೆಯೊಡೆದು ಎರಡು ದಿನವಾದ ಚಾಕಿ ಹುಳ, ಸಾಸಿವೆ ಕಾಳಿಗಿಂತ ಸಣ್ಣವು, ಕಪ್ಪು ಕಪ್ಪಗೆ ಬಿದಿರಿನ ತಟ್ಟೆಯಲ್ಲಿ ಹರಿದಾಡುತ್ತಿದ್ದವು. ಅವಕ್ಕೆ ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಎಷ್ಟು ಸಣ್ಣಗೆ ಹೆಚ್ಚಬೇಕು ಎಂದು ತೋರಿಸಲು ಕೋದಂಡರಾಮಯ್ಯನವರು ಕೂತರು. ಕೂರುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಚಿಟಿಕೆ ನಶ್ಯ ಏರಿಸಿದ್ದರು. ಕೈ ತೊಳೆಯಲಿಲ್ಲ. ಅದೇ ಹೆಬ್ಬೆರಳು, ಅದೇ ತೋರುಬೆರಳಿನಲ್ಲಿ ಸೊಪ್ಪು ಹಿಡಿದು ಹೆಚ್ಚಿ, ತಟ್ಟೆಯ ತುಂಬ ಉದುರಿಸಿ, ಹೀಗೆ ಮಾಡ್ಬೇಕಮ್ಮ ಎಂದು ಹೇಳಿ, ಮಜ್ಜಿಗೆ ಕುಡಿದು ಹೊರಟರು.

ಹೊಗೆಸೊಪ್ಪಿನ ವಾಸನೆ ಸೋಕಿದರೆ ಸಾಕು, ರೇಷ್ಮೆ ಹುಳ ಉಳಿಯುವುದಿಲ್ಲ. ಇದು ಅವರಿಗೆ ಟ್ರೈನಿಂಗಿನಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದ ಪಾಠ. ಮಾರನೇ ದಿನ ಆವಲಪ್ಪ ಓಡಿಬಂದು ಕರೆದ. ಹೋಗಿ ನೋಡಿದರೆ ಹುಳಗಳೆಲ್ಲ ತಲೆ ಮೇಲೆತ್ತಿ ಹಸಿರು ನೀರು ಕಾರಿಕೊಂಡು ಬಿದ್ದಿದ್ದವು. ನೋಡಿದ ಆ ಗಳಿಗೆಯಲ್ಲೇ ಅವರ ಕೈ ಜೇಬಿನ ಡಬ್ಬಿಯ ಮೇಲೆ ಹೋಯಿತು, ಅಲ್ಲೇ ನಿಂತುಬಿಟ್ಟಿತು.

ಮುನಿಗಂಗಮ್ಮ ಸೊಸೆಯನ್ನು ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದಳು. ಹಿಂದಿನ ಸಂಜೆ ಶ್ಯಾಮಲಮ್ಮ ಮುಟ್ಟಾಗಿದ್ದಳು. ಮುಟ್ಟಾದವಳು ಹುಳದ ಮನೆ ತುಳಿಯಬಾರದು ಎನ್ನುವುದು ಆ ಸೀಮೆಯಲ್ಲೆಲ್ಲ ಇದ್ದ ಕಟ್ಟು. ತಾನು ಬೆಳಿಗ್ಗೆ ಸೊಪ್ಪು ಕೊಟ್ಟಿದ್ದು, ಹೊರಗಾದದ್ದು ಸಂಜೆ ಎಂದು ಆ ಹುಡುಗಿ ಗೋಗರೆಯುತ್ತಿದ್ದಳು. ಸುತ್ತ ಹತ್ತು ಜನ ಸೇರಿದ್ದರು. ಮುನಿಗಂಗಮ್ಮ ಕೋದಂಡರಾಮಯ್ಯನವರತ್ತ ತಿರುಗಿದಳು.

"ಸ್ವಾಮಿ, ನೀವು ಓದಿದೋರು. ಮುಟ್ಟಾದೋಳು ತುಳಿದ್ರೆ ಹುಳ ಸಾಯ್ತವಾ? ನೀವೇ ಹೇಳಿ."

ಇಲ್ಲಮ್ಮ, ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇಲ್ಲ ಅಂದರೆ, ಮತ್ತೆ ಹೇಗೆ ಸತ್ತವು ಎಂಬ ಪ್ರಶ್ನೆ ಬರುತ್ತದಲ್ಲ. ಕೋದಂಡರಾಮಯ್ಯನವರು ಜೇಬಿನ ಮೇಲಿದ್ದ ಕೈಯನ್ನು ಕೆಳಗಿಳಿಸಿದರು.

"ಏನೋಮ್ಮ," ಎಂದರು. "ಹಿರಿಯರು ಸುಮ್ಮನೆ ಹೇಳಿರಲ್ಲ."

ಅಷ್ಟೇ. ಸರ್ಕಾರದವರೇ ಹೇಳಿದ ಮೇಲೆ ಇನ್ನೇನು. ಅವತ್ತಿನಿಂದ ಶ್ಯಾಮಲಮ್ಮನಿಗೆ ಹುಳದ ಮನೆಯ ಬಾಗಿಲು ಮುಚ್ಚಿತು, ಬರೀ ಆ ದಿನಗಳಲ್ಲಲ್ಲ, ತಿಂಗಳಿಡೀ, ವರ್ಷವಿಡೀ. ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು ಹೊಸ್ತಿಲ ಹೊರಗೆ ಇಳಿಸುವುದಷ್ಟೇ ಅವಳ ಪಾಲಿಗೆ. ಊರಿನ ಹೆಂಗಸರು ಅವಳಿಗೆ ಹುಳ ತಿಂದೋಳು ಎಂದು ಹೆಸರಿಟ್ಟರು. ಅವಳು ಎದುರಿಗೆ ಬಂದರೆ ತಟ್ಟೆಯ ಮೇಲೆ ಸೆರಗು ಹಾಸುತ್ತಿದ್ದರು. ಹುಳ ಸತ್ತ ಆ ದಿನವೇ ಬಸ್ಸಿನಲ್ಲಿ ವಾಪಸು ಬರುವಾಗ ಕೋದಂಡರಾಮಯ್ಯನವರು ನಶ್ಯದ ಡಬ್ಬಿಯನ್ನು ಕಿಟಕಿಯಿಂದ ಎಸೆದರು. ಇದು ಊರು ಹೊಗಳುವ ಆ ಮಹಾ ತ್ಯಾಗ.

ಆಮೇಲೆ ಅವರು ಹೋದಲ್ಲೆಲ್ಲ ಬೀಡಿ, ಹೊಗೆಸೊಪ್ಪು, ನಶ್ಯ ಹುಳದ ಹತ್ತಿರ ಸುಳಿಯಕೂಡದು ಎಂದು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದರೆಂದರೆ, ಅವರ ಸರ್ಕಲ್ಲಿನಲ್ಲಿ ಹುಳ ಸಾಯುವುದೇ ಕಮ್ಮಿಯಾಯಿತು. ಕೋಲಾರದಲ್ಲಿ ಒಂದು ಸಭೆ ಮಾಡಿ ಅವರಿಗೆ ಶಾಲು ಹೊದಿಸಿದರು. ಶಾಲು ಹೆಗಲ ಮೇಲೆ ಬಿದ್ದಾಗ ಅವರಿಗೆ ಮೈಯೆಲ್ಲ ಮುಳ್ಳಾಯಿತು. ಆವನಿ ಕಡೆಯ ಆ ಹಳ್ಳಿಗೆ ಮಾತ್ರ ಅವರು ಮತ್ತೆ ಕಾಲಿಡಲಿಲ್ಲ, ಏನಾದರೊಂದು ಹೇಳಿ ಬೇರೆಯವರನ್ನು ಕಳಿಸುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ಮಾಲೂರಿಗೆ ವರ್ಗವಾಯಿತು. ಅಲ್ಲಿ ಇಟ್ಟಿಗೆ ಗೂಡುಗಳ ಹೊಗೆ ಕುಡಿದುಕೊಂಡು ಮೂರು ವರ್ಷ ಒಂದು ಕೋಣೆಯಲ್ಲಿದ್ದರು. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗಂಗುಲಪ್ಪ ಗೆಳೆಯನಾದ. ಗಂಗುಲಪ್ಪನಿಗೆ ಸಿನಿಮಾ ಹುಚ್ಚು, ಅದೂ ಅಂಥಿಂಥ ಹುಚ್ಚಲ್ಲ. ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಗೆ ಮೆಂಬರ್ ಆಗಿ, ಭಾನುವಾರ ಬಂತೆಂದರೆ ರೈಲು ಹತ್ತಿ, ಯಾವುದೋ ದೇಶದ, ಯಾವುದೋ ಭಾಷೆಯ ಸಿನಿಮಾ ನೋಡಿ ಬರುತ್ತಿದ್ದ. ಎಂಬತ್ತೊಂದರಲ್ಲಿ ಒಂದು ಭಾನುವಾರ, ಬನ್ನಿ ಸ್ವಾಮಿ, ಜಪಾನಿದು, ನಿಮ್ಮ ಹುಳದ ದೇಶದ್ದು, ಎಂದು ಎಳೆದುಕೊಂಡು ಹೋದ.

ಕಪ್ಪು ಬಿಳುಪಿನ ಸಿನಿಮಾ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು. ಒಂದು ಬೆಟ್ಟದ ಊರು, ಊರಿಗೊಂದು ಕಣಜ, ಕಣಜಕ್ಕೆ ಕಾವಲು ಒಬ್ಬ ಸಮುರಾಯಿ, ಅಂದರೆ ನಮ್ಮ ಪಾಳೆಯಗಾರರ ಕಾಲದ ಕತ್ತಿಯಾಳಿನಂಥವನು. ಒಂದು ರಾತ್ರಿ ಕಣಜಕ್ಕೆ ಬೆಂಕಿ ಬೀಳುತ್ತದೆ. ಆ ದಾರಿಯಲ್ಲಿ ಒಬ್ಬ ವಿಧವೆ ದೀಪ ಹಿಡಿದು ಗುಡಿಗೆ ಹೋಗಿದ್ದನ್ನು ಯಾರೋ ನೋಡಿರುತ್ತಾರೆ. ಅವಳ ದೀಪದಿಂದಲೇ ಎಂದು ಊರು ತೀರ್ಮಾನ ಮಾಡಿ ಅವಳನ್ನು ಹೊಳೆಯಾಚೆಗೆ ಹಾಕುತ್ತದೆ. ಮೈ ಸುಟ್ಟುಕೊಂಡು ಅರ್ಧ ಧಾನ್ಯ ಉಳಿಸಿದ ಸಮುರಾಯಿಗೆ ದೊರೆ ಹೊಸ ಕತ್ತಿ ಕೊಡುತ್ತಾನೆ. ಮುಂದೆ ಬೇಕಾದಷ್ಟು ಯುದ್ಧ, ಗೆಲುವು, ಹೆಸರು. ಕೊನೆಗೆ ತಲೆ ನೆರೆತು ಆ ಊರಿಗೆ ವಾಪಸು ಬರುತ್ತಾನೆ. ಹೊಳೆ ದಂಡೆಯಲ್ಲಿ ಊರ ಜನವೆಲ್ಲ ಅವನನ್ನು ಎದುರುಗೊಳ್ಳಲು ನಿಂತಿರುತ್ತಾರೆ. ಅವನು ಯಾರನ್ನೂ ನೋಡದೆ ನೀರಿಗಿಳಿದು, ಆಚೆ ದಡದಲ್ಲಿ ಮೂಲಂಗಿ ತೊಳೆಯುತ್ತಿದ್ದ ಮುದುಕಿಯ ಮುಂದೆ ಹೋಗಿ ಕತ್ತಿ ಕೆಳಗಿಟ್ಟು ಮಂಡಿಯೂರುತ್ತಾನೆ.

"ಬೆಂಕಿ ನಿನ್ನ ದೀಪದ್ದಲ್ಲ," ಎನ್ನುತ್ತಾನೆ. "ಕಾವಲಿಗಿದ್ದ ನಾನು ನಿದ್ದೆ ಹೋಗಿದ್ದೆ, ನಾನು ಚಳಿ ಕಾಯಿಸುತ್ತಿದ್ದ ಕೆಂಡ ಸಿಡಿದು ಹತ್ತಿಕೊಂಡಿತು."

ಆಮೇಲೆ, ತನಗೆ ನಾಚಿಕೆಯಾಗುತ್ತದೆ ಎನ್ನುವ ಒಂದೇ ಒಂದು ಚಿಕ್ಕ ಮಾತು. ಮುದುಕಿ ಉತ್ತರ ಕೊಡುವುದಿಲ್ಲ. ಮೂಲಂಗಿ ತೊಳೆಯುತ್ತಲೇ ಇರುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ಮುಗಿದ ಮೇಲೆ ಅಲ್ಲೊಂದು ಚರ್ಚೆ. ಗಡ್ಡದವರೊಬ್ಬರು ಎದ್ದು, ಕತ್ತಿ ಅಂದರೆ ಅಧಿಕಾರ, ಮೂಲಂಗಿ ಅಂದರೆ ಭೂಮಿ, ಹೊಳೆ ಅಂದರೆ ಕಾಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಇನ್ನೊಬ್ಬರು ಹಾಗಲ್ಲ ಎಂದರು. ಕೋದಂಡರಾಮಯ್ಯನವರು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ಕಣ್ಣಲ್ಲಿ ನೀರು ಬಂದದ್ದು ಗೊತ್ತಾಗದಿರಲೆಂದು ಕನ್ನಡಕ ಒರೆಸಿ ಒರೆಸಿ ಗಾಜು ಸವೆಸುತ್ತಿದ್ದರು. ರೈಲಿನಲ್ಲಿ ಗಂಗುಲಪ್ಪ, "ಯಾಕ್ ಸ್ವಾಮಿ ಮಾತೇ ಇಲ್ಲ, ಹಿಡಿಸ್ಲಿಲ್ವಾ?" ಎಂದು ಕೇಳಿದ. "ಹಿಡಿಸ್ತು ಕಣಯ್ಯ," ಎಂದರು. "ಆ ಸಿನಿಮಾನ ಮುಳಬಾಗಿಲಿಗೆ ತರೋಕಾಗುತ್ತಾ?"

ಅವರ ಮನಸ್ಸಿನಲ್ಲಿ ಹುಟ್ಟಿದ ಯೋಚನೆ ಇದು: ಶ್ಯಾಮಲಮ್ಮ ಆ ಸಿನಿಮಾ ನೋಡಬೇಕು. ಆ ಮುದುಕ ಮಂಡಿಯೂರಿ ಹೇಳುವ ಮಾತನ್ನು, ಪರದೆಯ ಪಕ್ಕ ನಿಂತು ಕಥೆ ಹೇಳುವ ತನ್ನ ಬಾಯಿಂದಲೇ ಅವಳು ಕೇಳಬೇಕು. ಕೇಳಿದರೆ ಅವಳಿಗೆ ಅರ್ಥವಾಗಿಬಿಡುತ್ತದೆ. ತಾನು ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಎಂಥಾ ಉಪಾಯ ನೋಡಿ. ಹತ್ತು ವರ್ಷ ಬಾಯಿ ಹೊಲಿದುಕೊಂಡಿದ್ದ ಮನುಷ್ಯನಿಗೆ ಇದು ದೊಡ್ಡ ಧೈರ್ಯದ ಹಾಗೆ ಕಂಡಿತು.

ಎಂಬತ್ತೆರಡರಲ್ಲಿ ಮುಳಬಾಗಿಲಿಗೆ ವಾಪಸು ಬಂದರು. ರೇಷ್ಮೆ ಬೆಳೆಗಾರರ ಸಭೆ ಇತ್ತು. ಸಭೆಯ ಮುಂಚೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟಾಕೀಸಿನಲ್ಲಿ ಒಂದು ಜಪಾನಿ ಚಿತ್ರ ತೋರಿಸೋಣ ಎಂದು ಮೇಲಿನ ಸಾಹೇಬರಿಗೆ ಬರೆದರು. ಜಪಾನ್ ಎಂಬ ಮಾತು ಕಂಡದ್ದೇ ತಡ, ಸಾಹೇಬರು ರುಜು ಹಾಕಿದರು. ರೈತರಿಗೂ ಅದೇ ಸುದ್ದಿ ಹೋಯಿತು. ಜಪಾನಿನವರು ಹುಳ ಸಾಕುವುದನ್ನು ತೋರಿಸ್ತಾರಂತೆ ಎಂದು ಶ್ರೀನಿವಾಸಪುರದ ಕಡೆಯಿಂದಲೂ ಲಾರಿ ಕಟ್ಟಿಕೊಂಡು ಜನ ಬಂದರು. ಆವನಿ ಕಡೆಯವರಿಗೆ ಕೋದಂಡರಾಮಯ್ಯನವರು ಬೇರೆಯಾಗಿ ಹೇಳಿ ಕಳಿಸಿದ್ದರು, ಹೆಂಗಸರೂ ಬರಬೇಕು, ಮುನಿಗಂಗಮ್ಮನ ಸೊಸೆಯೂ ಬರಬೇಕು ಎಂದು.

ಇಂಗ್ಲಿಷ್ ಅಕ್ಷರ ಯಾರು ಓದುತ್ತಾರೆ. ಪರದೆಯ ಪಕ್ಕದಲ್ಲಿ ಮೈಕು ಹಿಡಿದು ನಿಂತು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಕಥೆ ಹೇಳುವುದು ಕೋದಂಡರಾಮಯ್ಯನವರ ಕೆಲಸ. ಸೊಸೈಟಿಯಿಂದ ರೀಲು ತಂದಿದ್ದ ಗಂಗುಲಪ್ಪ ಮಾತುಗಳನ್ನೆಲ್ಲ ಮೊದಲೇ ಕಾಗದದಲ್ಲಿ ಬರೆದುಕೊಟ್ಟಿದ್ದ. ಕೊನೆಯ ಆ ಚಿಕ್ಕ ಮಾತಿಗಾಗಿ ಮೇಷ್ಟ್ರು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದರು. ನಾಚಿಕೆ ಅಂದರೆ ಮಕ್ಕಳು ಹಾಡು ಹೇಳಲು ಪಡುವಂಥದ್ದು ಎನಿಸಿತು. ಲಜ್ಜೆ ಅಂದರೆ ಹರಿಕಥೆಯಾಯಿತು. ಅವಮಾನ ಬೇರೆಯವರು ಮಾಡುವುದು. ಕೊನೆಗೆ ಸಿಗ್ಗು ಎಂಬ ಮಾತಿಗೆ ಬಂದು ನಿಂತರು. ಕನ್ನಡದವರಿಗೂ ತಿಳಿಯುತ್ತದೆ, ತೆಲುಗಿನವರಿಗೂ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗ ಪಕ್ಕದ ಮನೆಯಾಕೆ ಸಿಗ್ಗು ಇಲ್ವಾ ನಿಂಗೆ ಎಂದು ಬೈದದ್ದು ಅವರಿಗೆ ಇನ್ನೂ ಕಿವಿಯಲ್ಲಿತ್ತು. ಕಾಗದದಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದರು.

ಸಿನಿಮಾ ಶುರುವಾಯಿತು. ಅರ್ಧ ಗಂಟೆಯಾದರೂ ಒಂದು ಹುಳವಿಲ್ಲ. ಮುನಿಗಂಗಮ್ಮನ ಊರಿನ ನರಸಿಂಹಪ್ಪ ಎಂಬ ಹಳೇ ಬೆಳೆಗಾರ, ಬಾಯಿ ಜೋರು, ಮುಂದಿನ ಬೆಂಚಿನಿಂದ ಕೂಗಿದ, "ಮೇಷ್ಟ್ರೇ, ಇವರು ಕತ್ತಿ ಬೀಸೋದು ಸಾಕು, ಸೊಪ್ಪು ಹೆಚ್ಚೋದು ಯಾವಾಗ?" ಜನ ನಕ್ಕರು. ಆದರೂ ಯುದ್ಧ ಬಂದಾಗ ಎಲ್ಲರೂ ಸುಮ್ಮನೆ ನೋಡಿದರು. ಹೆಂಗಸರ ಕಡೆ ಮೂರನೇ ಸಾಲಿನಲ್ಲಿ ಶ್ಯಾಮಲಮ್ಮ ಕೂತಿದ್ದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬಿದ್ದಾಗಲೆಲ್ಲ ಕೋದಂಡರಾಮಯ್ಯನವರು ನೋಡುತ್ತಿದ್ದರು. ಮೂವತ್ತಕ್ಕೆಲ್ಲ ಕೂದಲು ಬೆಳ್ಳಗಾಗತೊಡಗಿತ್ತು. ಪಕ್ಕದವಳು ಅವಳಿಗೂ ತನಗೂ ನಡುವೆ ಒಂದು ಮೊಳ ಜಾಗ ಬಿಟ್ಟು ಕೂತಿದ್ದಳು.

ಹೊಳೆ ಬಂತು. ಮುದುಕ ನೀರಿಗಿಳಿದ. ಕತ್ತಿ ಕೆಳಗಿಟ್ಟ. ಬಾಯಿ ತೆರೆದ. ಕೋದಂಡರಾಮಯ್ಯನವರೂ ಬಾಯಿ ತೆರೆದರು, ಬೆಂಕಿ ನಿನ್ನ ದೀಪದ್ದಲ್ಲ ಎಂದು ಕಾಗದದಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು, ಆದರೆ ಕಣ್ಣು ಮೂರನೇ ಸಾಲಿಗೆ ಹೋಗಿ ಅಲ್ಲೇ ನಿಂತಿತು. ಮೈಕಿನಲ್ಲಿ ಬರೀ ಉಸಿರು ಕೇಳಿಸಿತು. ಎರಡು ಸಾಲು ಅಕ್ಷರ ಪರದೆಯ ಮೇಲೆ ಬಂದವು, ನಿಂತವು, ಹೋದವು. ಅಯ್ಯೋ, ಕೊನೆಯ ಮಾತಾದರೂ ತಪ್ಪಬಾರದು ಎಂದು ಅವರು ಅವಸರದಲ್ಲಿ ಕೂಗಿಬಿಟ್ಟರು.

"ನಂಗೆ ಸಿಗ್ಗಾಗ್ತಾ ಇದೆ."

ಇಡೀ ಟಾಕೀಸು ಬಿದ್ದು ಬಿದ್ದು ನಗತೊಡಗಿತು. ಸಿಗ್ಗು ಎಂಬುದು ಬೈಗುಳದಲ್ಲಿ ಎಷ್ಟಿದೆಯೋ ಅಷ್ಟೇ ಮದುಮಗಳ ಮುಖದಲ್ಲೂ ಇದೆ, ಆ ಇನ್ನರ್ಧವನ್ನು ಮೇಷ್ಟ್ರು ಮರೆತಿದ್ದರು. ನರೆತ ಮುದುಕ ಒಬ್ಬ ಹೆಂಗಸಿನ ಮುಂದೆ ಮಂಡಿಯೂರಿ, ತಲೆ ತಗ್ಗಿಸಿ, ಸಿಗ್ಗಾಗ್ತಾ ಇದೆ ಅಂದರೆ ಜನ ಏನು ತಿಳಿಯಬೇಕು. ನರಸಿಂಹಪ್ಪ ಎದ್ದು ನಿಂತು, "ತಾತಕಿ ಪೆಂಡ್ಲಿ ಕುದಿರಿಂದಾ ಸ್ವಾಮಿ?" ಎಂದು ಕೇಳಿದ, ತಾತನಿಗೆ ಮದುವೆ ಗೊತ್ತಾಯಿತೇ ಎಂದು. ನಗು ಇನ್ನೂ ಜೋರಾಯಿತು. ಹೇಳಲು ಕಷ್ಟ, ಆದರೆ ಹೇಳಲೇಬೇಕು: ಆ ನಗುವಿನಲ್ಲಿ ಕೋದಂಡರಾಮಯ್ಯನವರೂ ಹಲ್ಲು ಬಿಟ್ಟರು. ಮೈಕು ಹಿಡಿದು, ಬೆವರು ಒರೆಸಿಕೊಂಡು, ಹೆ ಹೆ ಎಂದರು. ಮೂರನೇ ಸಾಲಿನಲ್ಲಿ ನಗದೇ ಕೂತಿದ್ದವಳು ಒಬ್ಬಳೇ.

ಹೊರಗೆ ಎಲೆಯಲ್ಲಿ ಚಿತ್ರಾನ್ನ ಹಂಚುತ್ತಿದ್ದರು. ಜನ ತಿನ್ನುತ್ತಾ ಕಥೆ ಮಾತಾಡಿಕೊಳ್ಳುವುದು ಮೇಷ್ಟ್ರ ಕಿವಿಗೆ ಬೀಳುತ್ತಿತ್ತು. ಊರ ಕಣಜ ಸುಟ್ಟ ಹೆಂಗಸು, ಆದರೂ ಆ ತಾತ ಅವಳ ಮೇಲೇ ಮನಸ್ಸಿಟ್ಟಿದ್ದನಲ್ಲ ಎಂದು ಒಬ್ಬಳು ಅಂದಳು. ಗಂಗುಲಪ್ಪ ಕೆಂಡವಾಗಿ ಬಂದ. "ಏನ್ ಸ್ವಾಮಿ ನೀವು, ಕೆಂಡದ ಮಾತೇ ಹೇಳ್ಲಿಲ್ಲ. ಸಿನಿಮಾದ ಜೀವಾನೇ ಆ ಎರಡು ಸಾಲು. ಅದನ್ನ ನುಂಗ್ಬಿಟ್ರೆ ಆಯಮ್ಮನೇ ಮತ್ತೆ ಬೆಂಕಿ ಇಟ್ಟೋಳು ಆದ್ಲಲ್ಲ," ಎಂದ. ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅಂದದ್ದು ಚುಚ್ಚಿದಷ್ಟು ಗೊತ್ತಿದ್ದು ಅಂದದ್ದು ಚುಚ್ಚುವುದಿಲ್ಲ. ಒಬ್ಬಳನ್ನು ಹಾಳು ಮಾಡಿದ್ದು ಸಾಲದು ಅಂತ ಸಾವಿರಾರು ಮೈಲಿ ಆಚೆಯ ಇನ್ನೊಬ್ಬಳ ಮೇಲೂ ತಪ್ಪು ಹೊರಿಸಿ ಕಳಿಸಿದೆ ಎಂದು ಮೇಷ್ಟ್ರಿಗೆ ಅನಿಸಿತು.

ಅಷ್ಟರಲ್ಲಿ ಶ್ಯಾಮಲಮ್ಮ ಬಂದು ನಿಂತಳು. ಕೈಯಲ್ಲಿ ಎಲೆ ಹಾಗೇ ಇತ್ತು, ತಿಂದಿರಲಿಲ್ಲ.

"ಸ್ವಾಮಿ, ಆ ಮುದುಕ ಮೊದ್ಲು ಏನೋ ಉದ್ದಕ್ಕೆ ಹೇಳ್ದ. ಕೆಳಗಡೆ ಎರಡು ಸಾಲು ಅಕ್ಷರಾನೂ ಬಂತು. ನೀವು ಹೇಳ್ಲೇ ಇಲ್ಲ. ಏನಂತ ಹೇಳ್ದ?"

ಎಲ್ಲರೂ ಕಥೆ ಕೇಳಿದ್ದರು, ಅವಳು ಕಥೆ ಹೇಳುವವನ ಬಾಯನ್ನು ನೋಡಿದ್ದಳು. ಹೇಳುವುದಕ್ಕೆ ಇದಕ್ಕಿಂತ ಒಳ್ಳೆ ಗಳಿಗೆ ಯಾರಿಗೆ ಸಿಗುತ್ತದೆ.

"ಅದೇನಿಲ್ಲಮ್ಮ," ಎಂದರು ಕೋದಂಡರಾಮಯ್ಯನವರು. "ಯುದ್ಧದ ಮಾತು."

ಅವಳು ಅವರ ಮುಖವನ್ನೇ ನೋಡಿದಳು. "ಹೌದಾ," ಎಂದು ಹೇಳಿ ಲಾರಿಯ ಕಡೆ ಹೊರಟುಹೋದಳು.

ಆ ವಾರವೆಲ್ಲ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಗಿ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ಬೇಡವೆಂದು ಗಡ್ಡ ಬಿಟ್ಟರು. ಜಾನಕಮ್ಮ ಡಾಕ್ಟರ ಹತ್ತಿರ ಹೋಗೋಣ ಎಂದರು. ಶುಕ್ರವಾರ ಊಟಕ್ಕೆ ಬಡಿಸುವಾಗ, ಬಂದಿದ್ದ ಅಕ್ಕನ ಮುಂದೆ ಜಾನಕಮ್ಮ ಮತ್ತೆ ಶುರು ಮಾಡಿದರು, ನಮ್ಮ ಮನೆಯವರು ನಶ್ಯ ಬಿಟ್ಟದ್ದು ಹೇಗೆ ಗೊತ್ತಾ ಎಂದು.

"ಜಾನಕಿ, ನಾನು ಹೇಳ್ತೀನಿ ಹೇಗೆ ಅಂತ," ಎಂದು ಕೋದಂಡರಾಮಯ್ಯನವರು ಎಲೆಯ ಮುಂದೆ ಕೂತೇ ಎಲ್ಲವನ್ನೂ ಹೇಳಿದರು. ಜಾನಕಮ್ಮನ ಕೈಯಲ್ಲಿ ಹುಳಿಯ ಸೌಟು ಹಾಗೇ ನಿಂತಿತು. ಅಕ್ಕ ಎದ್ದು ಒಳಗೆ ಹೋದರು.

ಜಾನಕಮ್ಮ ಸೌಟನ್ನು ಪಾತ್ರೆಗೆ ಇಳಿಸಿ, "ನಂಗೆ ಹೇಳಿ ಏನು ಬಂತು," ಎಂದರು. "ನಾನೇನು ಹುಳದ ಮನೆ ಹೊರಗೆ ನಿಂತಿದೀನಾ."

ಹೆಂಡತಿ ಅಂದ ಈ ಮಾತಿನಿಂದ ಮೇಷ್ಟ್ರಿಗೆ ಸಿನಿಮಾ ಅರ್ಥವಾಯಿತು. ಗಡ್ಡದವರು ಹೇಳಿದ ಕತ್ತಿ, ಹೊಳೆ, ಭೂಮಿ ಯಾವುದೂ ಅಲ್ಲ. ತಾನು ಇಷ್ಟು ದಿನ ಹಿಡಿದುಕೊಂಡಿದ್ದದ್ದು ಕೊನೆಯ ಮಾತನ್ನು, ತನಗೆ ಹೇಗಾಗುತ್ತಿದೆ ಎನ್ನುವುದನ್ನು. ಅದನ್ನು ಕಟ್ಟಿಕೊಂಡು ಆ ಮುದುಕಿಗೇನು, ಶ್ಯಾಮಲಮ್ಮನಿಗೇನು. ಆ ಮುದುಕ ಊರೆಲ್ಲ ದಂಡೆಯಲ್ಲಿ ನಿಂತಿದ್ದಾಗ, ಹಗಲು ಹೊತ್ತಿನಲ್ಲಿ, ಮಾಡಿದ್ದನ್ನು ಮಾಡಿದೆ ಎಂದು ಹೇಳಿದ್ದ. ಮಿಕ್ಕಿದ್ದು ಅವನ ಹೊಟ್ಟೆಯ ಸಂಕಟ, ಅದಕ್ಕೆ ಯಾವ ಮಾತು ಹಾಕಿದರೂ ಒಂದೇ.

ಮಾರನೇ ಸಂಜೆ ನಾಲ್ಕರ ಬಸ್ಸಿಗೆ ಅವರು ಆವನಿ ಕಡೆ ಹೊರಟರು. ಆ ಹಳ್ಳಿಯಲ್ಲಿ ಅಷ್ಟು ಹೊತ್ತಿಗೆ ಹಾಲಿನ ಡೈರಿಯ ಮುಂದೆ ಊರೇ ಸೇರುತ್ತದೆಂದು ಅಲ್ಲಿಗೆ ಹೋಗಿಬರುವವರಿಂದ ಅವರು ಕೇಳಿದ್ದರು. ಡೈರಿ ಇದ್ದದ್ದು ಮುನಿಗಂಗಮ್ಮನ ಮನೆಯ ಎದುರಿಗೇ. ಬಸ್ಸಿಳಿದು ನಡೆಯುವಾಗ ಎರಡು ಸಲ ನಿಂತರು. ಮೂರನೇ ಸಲ ನಿಂತರೆ ವಾಪಸು ಹೋಗುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡು ನಡೆದರು.

ಹಾಲಿನ ಪಾತ್ರೆ ಹಿಡಿದು ಗಂಡಸರು ಹೆಂಗಸರು ಮೂವತ್ತು ನಲವತ್ತು ಜನ ಸಾಲಾಗಿ ನಿಂತಿದ್ದರು. ನರಸಿಂಹಪ್ಪನೂ ಇದ್ದ. "ಏನ್ ಮೇಷ್ಟ್ರೇ, ತಾತನ ಮದ್ವೆ ಪತ್ರಿಕೆ ತಂದ್ರಾ?" ಎಂದ. ಸಾಲಿನಲ್ಲಿ ನಗು ಓಡಿತು. ಎದುರು ಜಗಲಿಯಲ್ಲಿ ಮುನಿಗಂಗಮ್ಮ ಕೋಲು ಊರಿಕೊಂಡು ಕೂತಿದ್ದಳು, ಈಗ ಮುದುಕಿ. ಆವಲಪ್ಪ ಹಾಲು ಅಳೆಯಿಸುತ್ತಿದ್ದ. ಶ್ಯಾಮಲಮ್ಮ ಹುಳದ ಮನೆಯ ಹೊಸ್ತಿಲ ಹೊರಗೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ಕೋದಂಡರಾಮಯ್ಯನವರು ಚಪ್ಪಲಿ ಕಳಚಿ ಅಂಗಳದ ನಡುವೆ ನಿಂತರು.

"ಎಲ್ಲರೂ ಕೇಳಿ," ಎಂದರು. "ಹನ್ನೊಂದು ವರ್ಷದ ಹಿಂದೆ ಈ ಮನೇಲಿ ಹುಳ ಸತ್ತದ್ದು ಶ್ಯಾಮಲಮ್ಮನಿಂದ ಅಲ್ಲ. ನಶ್ಯ ಏರಿಸಿದ ಕೈಯಲ್ಲಿ ಸೊಪ್ಪು ಹೆಚ್ಚಿದ್ದು ನಾನು. ಆ ನಶ್ಯಕ್ಕೆ ಸತ್ತವು. ಮುಟ್ಟಾದರೆ ಹುಳ ಸಾಯಲ್ಲ. ಅದು ನನಗೆ ಅವತ್ತೂ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ."

ಕನ್ನಡದಲ್ಲಿ ಹೇಳಿ, ತೆಲುಗಿನಲ್ಲೂ ಮತ್ತೊಮ್ಮೆ ಹೇಳಿದರು, ಕೇಳಿಸಲಿಲ್ಲ ಎಂದು ಒಬ್ಬರೂ ಅನ್ನದ ಹಾಗೆ. ಯಾರೂ ನಗಲಿಲ್ಲ. ನರಸಿಂಹಪ್ಪ ಪಾತ್ರೆಯೊಳಗಿನ ಹಾಲು ನೋಡುತ್ತಾ ನಿಂತ. ಆವಲಪ್ಪ ಹೆಂಡತಿಯ ಕಡೆ ನೋಡಲಾರದೆ ತಾಯಿಯ ಕಡೆ ನೋಡಿದ. ಮುನಿಗಂಗಮ್ಮ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ನಂಗೂ ಅವತ್ತೇ ಗೊತ್ತಿತ್ತು," ಎಂದಳು. "ಸೊಪ್ಪು ಮೂಸಿ ನೋಡಿದ್ದೆ. ನಶ್ಯದ ವಾಸನೆ ಬಡೀತಿತ್ತು. ಅದಕ್ಕೇ ನಿಮ್ಮನ್ನ ಎಲ್ಲರ ಮುಂದೆ ಕೇಳಿದ್ದು. ನೀವೇ ಒಪ್ಕೊಂತೀರ ಅಂತಿದ್ದೆ. ನೀವು ಹಂಗಂದ್ರಿ. ಸರ್ಕಾರದ ಮನುಷ್ಯನ್ನ, ಅಯ್ಯೋರನ್ನ, ನಾನೇನಂತ ಹಿಡ್ಕೊಂಡು ಕೇಳ್ಲಿ. ಸೊಸೆಯಾದ್ರೆ ಮನೇಲೇ ಇದ್ಲು."

ಅಷ್ಟು ಹೇಳಿ ಮುದುಕಿ ತಲೆ ಬಗ್ಗಿಸಿದಳು. ಹೇಳಿಕೊಂಡು ಹಗುರಾಗಲು ಬಂದಿದ್ದ ಕೋದಂಡರಾಮಯ್ಯನವರಿಗೆ ನಿಂತ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ತಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದು ಹನ್ನೊಂದು ವರ್ಷದಿಂದ ಈ ಜಗಲಿಯ ಮೇಲೇ ಕೂತಿತ್ತು.

ಶ್ಯಾಮಲಮ್ಮ ಎದ್ದು ನಿಂತಳು. ಅತ್ತೆಯನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿದಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಜನ ಕಾದರು.

"ಆ ಮುದುಕ ಹೇಳಿದ್ದೂ ಇದೇನಾ?" ಎಂದು ಕೇಳಿದಳು.

"ಇದೇ ಅಮ್ಮ. ಕಣಜಕ್ಕೆ ಬೆಂಕಿ ಬಿದ್ದದ್ದು ಅವನ ಕೆಂಡದಿಂದ. ಆಯಮ್ಮನ ದೀಪದಿಂದ ಅಲ್ಲ."

"ಆಯಮ್ಮ ಯಾಕೆ ಏನೂ ಮಾತಾಡ್ಲಿಲ್ಲ ಅಂತ ವಾರದಿಂದ ಯೋಚ್ನೆ ಮಾಡ್ತಿದ್ದೆ," ಎಂದಳು ಅವಳು. "ಈಗ ಗೊತ್ತಾಯ್ತು. ಅವಳಿಗೆ ಕೆಲಸ ಇತ್ತು."

ಬಾನಿಯ ನೀರಿನಲ್ಲಿ ಕೈ ತೊಳೆದಳು, ಕಾಲು ತೊಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಳದ ಮನೆಯ ಬಾಗಿಲಿನ ಗೋಣಿ ಪರದೆಯನ್ನು ಸರಿಸಿ, ಹೊಸ್ತಿಲು ದಾಟಿ ಒಳಗೆ ಹೋದಳು. ಡೈರಿಯ ಸಾಲಿನಲ್ಲಿ ಒಬ್ಬಳೂ ಸೆರಗು ಮುಟ್ಟಲಿಲ್ಲ. ಒಳಗೆ ತಟ್ಟೆ ಎಳೆಯುವ ಸದ್ದು, ಮತ್ತೊಂದು ತಟ್ಟೆ ಎಳೆಯುವ ಸದ್ದು ಕೇಳಿಸಿತು. ಆಮೇಲೆ ಅವಳ ದನಿ ಬಂತು.

"ಅತ್ತೆ, ಹುಳ ಹಸ್ಕೊಂಡವೆ. ಸೊಪ್ಪು ತನ್ನಿ."

ಮುನಿಗಂಗಮ್ಮ ಕೋಲು ಗೋಡೆಗೆ ಒರಗಿಸಿ, ಬಗ್ಗಿ, ಹೊಸ್ತಿಲ ಹೊರಗಿದ್ದ ಸೊಪ್ಪನ್ನು ಬುಟ್ಟಿಗೆ ತುಂಬಿದಳು. ಎತ್ತಲಾರದೆ ತಡವರಿಸಿದಳು. ಹತ್ತಿರದಲ್ಲಿದ್ದವರು ಕೋದಂಡರಾಮಯ್ಯನವರೇ. ಬುಟ್ಟಿಗೆ ಕೈ ಕೊಡಲು ಮುಂದೆ ಬಂದರು. ಹೆಬ್ಬೆರಳು, ತೋರುಬೆರಳು ಸೊಪ್ಪಿಗೆ ತಾಗುವಷ್ಟರಲ್ಲಿ ಅವರ ಕೈ ತಾನಾಗಿಯೇ ನಿಂತಿತು. ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.